ಮಗಳಿಗೊಂದು ಪತ್ರ: ಕತ್ತಿ ಅದ್ದಿ ನೋಡುವುದು

ಬದಿಯಡ್ಕ, ಕಾಸರಗೋಡು, ಕೇರಳ

ಪ್ರೀತಿಯ ಮಗಳೇ,

ತರಬೇತಿಯ ಲೆಕ್ಕದಲ್ಲಿ ತೋಟದ ಕೆಲಸ ಮಾಡಿ ದಾಖಲೆ ಪುಸ್ತಕ ಬರೆಯಬೇಕು, ಅದಕ್ಕೆ ಅಪ್ಪ ಮದ್ದು ಬಿಡುವ ಅಡಿಕೆ ತೋಟಕ್ಕೇ ಬರುತ್ತೇನೆ ಅಂತ ಬರೆದಿದ್ದಿ. ಅಪ್ಪನಿಗೆ ಭಾರೀ ಖುಷಿ. ಆದರೆ "ಅಲ್ಲಿ ಹೊಸತಾಗಿ ಕಲಿಯಲಿಕ್ಕೆ ಎಂಥ ಉಂಟು" ಅಂದದ್ದು ನನಗೆ ಸರಿ ಕಾಣಲಿಲ್ಲ.

ಇಪ್ಪತ್ತೆರಡು ಮಳೆಗಾಲ ಅಪ್ಪ ಮರದ ತುದಿಯಲ್ಲಿ, ನಾನು ಡ್ರಮ್ಮಿನ ಹತ್ತಿರ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು 100 ಲೀಟರಿಗೆ 1 ಕಿಲೋ ಮೈಲುತುತ್ತು (ನಿಮ್ಮ ಪುಸ್ತಕದ ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಆಗದು. ಕಡೆಗೆ ಕತ್ತಿ ಅದ್ದಿ ನೋಡುವುದು. ಅಲಗು ಕೆಂಪಾದರೆ ಇನ್ನೂ ಸುಣ್ಣ ಬೇಕು. ಇದನ್ನೆಲ್ಲ ಕಲಿಸಿದ್ದು ನಿನ್ನ ಅಜ್ಜಿ. ಸುಣ್ಣ ಸಾಲದೆ ಉಳಿದ ತಾಮ್ರವೇ ಅಲಗಿಗೆ ಹಿಡಿಯುವುದು, ಹಾಗೇ ಬಿಟ್ಟರೆ ಎಳೆಕಾಯಿ ಸುಡುವುದು ಅದರಿಂದಲೇ ಅಂತ ನೀನು ಹೇಳಿದ ಮೇಲೆ ನನಗೆ ಗೊತ್ತಾಯಿತು. ಆ ದಿನ ಎಷ್ಟು ಸಂತೋಷವಾಯಿತು ಗೊತ್ತುಂಟಾ! ಆದರೆ ಗಾಳಿ ತಾಗಿ ಹುಡಿಯಾದ ಹಳೆ ಸುಣ್ಣವಾದರೆ 1 ಕಿಲೋ ಸಾಲುವುದಿಲ್ಲ. ಅದು ನಿನ್ನ ನೋಟ್ಸಿನಲ್ಲಿ ಇರಲಿಲ್ಲ, ಮುಟ್ಟಿ ನೋಡಿದರೆ ನನಗೆ ತಿಳಿಯುತ್ತದೆ.

ನಮ್ಮದೆಲ್ಲ ಸರಿ ಅನ್ನುವುದಿಲ್ಲ. ಉಳಿದ ಮದ್ದನ್ನು ಮರುದಿನಕ್ಕೆ ಇಡುತ್ತಿದ್ದೆವು, ನೀನು ಹೇಳಿದ ಮೇಲೆ ಬಿಟ್ಟೆವು. ಕೈಗವಸು ಹಾಕಿದ್ದೂ ನೀನು ತಂದುಕೊಟ್ಟ ಮೇಲೆಯೇ.

ಮೊದಲೇ ಕೆಲಸ ಗೊತ್ತಿದ್ದವರನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ಯೋಜನೆಯಲ್ಲಿ 2015ರಿಂದ ಉಂಟಲ್ಲ, ಆರ್‌ಪಿಎಲ್ ಅಂತ. ಅಂಥದ್ದೇ ಒಂದು ಪರೀಕ್ಷೆಗೆ ಅಪ್ಪ ಹೋಗಿದ್ದರು. ನಿನಗೆ ಹೇಳಿರಲಿಲ್ಲ. ಪ್ರಶ್ನೆಯೆಲ್ಲ ಮಲಯಾಳದಲ್ಲಿ. ಅಪ್ಪ ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕಲಿತದ್ದು ಕನ್ನಡ ಶಾಲೆಯಲ್ಲಿ, ಅದೂ ಐದನೆಯವರೆಗೆ. ಖಾಲಿ ಕಾಗದ ಕೊಟ್ಟು ಬಂದು ಎರಡು ದಿನ ಮಾತಾಡಲಿಲ್ಲ. ಕಾಲಿಗೆ ತಳೆ ಹಾಕಿ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ದಾಟಿ ಗೊನೆ ಗೊನೆಗೂ ಮದ್ದು ತಾಗಿಸುವವರನ್ನು ಬೆಂಚಿನಲ್ಲಿ ಕೂರಿಸಿ ಅಳೆಯುವುದು ಹೇಗೆ? ತೋಟಕ್ಕೆ ಬಂದು, ನಮ್ಮ ಮಾತಿನಲ್ಲಿ ಕೇಳಲಿ. ನಾನಂತೂ ಅವರು ಪರೀಕ್ಷೆಗೆ ಕರೆಯುವವರ ಪಟ್ಟಿಯಲ್ಲೇ ಇಲ್ಲ. ಮದ್ದು ಕಲಸುವುದು, ಅಡಿಕೆ ಸುಲಿದು ಪಟೋರ, ಉಳ್ಳಿ, ಕರಿಗೋಟು ಅಂತ ದರ್ಜೆ ಬೇರೆ ಮಾಡುವುದು ಹೆಂಗಸರ ಕೈಕೆಲಸ ಅಂತ ಬಿಟ್ಟುಬಿಡುತ್ತಾರೆ.

ನೀನು ಹಾಗೆ ಬಿಡಬೇಡ. ದಾಖಲೆ ಪುಸ್ತಕದಲ್ಲಿ ಯಾರಿಂದ ಕಲಿತೆ ಅಂತ ಹೆಸರು ಹಾಕಿ ಬರೆ. ನಿನ್ನ ಸಾರ್ ತೋಟ ನೋಡಲು ಬಂದರೆ ಅಪ್ಪನ ಹತ್ತಿರವೇ ಪ್ರಶ್ನೆ ಕೇಳಿಸು, ನೀನು ನಡುವೆ ನಿಂತು ಅವರ ಮಾತು ಅಪ್ಪನಿಗೆ, ಅಪ್ಪನ ಮಾತು ಅವರಿಗೆ ತಿಳಿಯುವ ಹಾಗೆ ಹೇಳು.

ಮಳೆ ಹಿಡಿಯುವ ಮೊದಲು ಬಂದುಬಿಡು. ಮೈಲುತುತ್ತು ತಂದಿಟ್ಟಿದ್ದೇವೆ, ಸುಣ್ಣ ಈ ಸಲ ಹೊಸತು. ಹುಳಿ ಇದ್ದರೆ ಬಣ್ಣ ಬದಲುವ ಕಾಗದ ಅಂತ ಹೇಳಿದ್ದಿಯಲ್ಲ, ಅದನ್ನು ಮರೆಯದೆ ತಾ. ಒಂದೇ ಡ್ರಮ್ಮಿಗೆ ನೀನು ಕಾಗದ ಅದ್ದು, ನಾನು ಕತ್ತಿ ಅದ್ದುತ್ತೇನೆ.

ನಿನ್ನ ಅಮ್ಮ