ಪತ್ರ ಬರೆದುಕೊಟ್ಟವರಿಗೆಲ್ಲ

ಕಳೆದ ವಾರ ನನ್ನ ಕೆಲಸ ಕಾಯಂ ಆಯಿತು. ಸ್ವಸಹಾಯ ಸಂಘದ ಹೆಂಗಸರಿಗೆ ಬ್ಯಾಂಕು, ವಿಮೆ, ಫೋನಿನಲ್ಲಿ ದುಡ್ಡು ಕಳಿಸುವುದು ಇದನ್ನೆಲ್ಲ ಹೇಳಿಕೊಡುವ ಕೆಲಸ. ನೀವು ನನ್ನ ಬಗ್ಗೆ ಬರೆದುಕೊಟ್ಟ ಪತ್ರಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಬಹುದಿತ್ತು. ಆದರೆ "ಅಯ್ಯೋ ಬಿಡಮ್ಮ, ನಾನೇನ್ ಮಾಡ್ದೆ" ಅಂತ ನೀವೆಲ್ಲ ಮಾತು ತಿರುಗಿಸುತ್ತೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ತಿಪಟೂರಿನಲ್ಲಿ ಖಾಸಗಿ ಕಂಪನಿಯೊಂದರ ವಿಮಾ ಪಾಲಿಸಿ ಮಾರುತ್ತಿದ್ದೆ. ಬ್ಯಾಂಕಿನ ಮೂಲೆಯಲ್ಲಿ ಒಂದು ಟೇಬಲ್, ತಿಂಗಳಿಗೊಂದು ಟಾರ್ಗೆಟ್. ಟಾರ್ಗೆಟ್ ಮುಟ್ಟಲಿಲ್ಲ, ಕೆಲಸ ಹೋಯಿತು.

ಮನೆಯಲ್ಲಿ ಕೂತಾಗ ನನಗೆ ಏನು ಬರುತ್ತೆ ಅಂತ ಹುಡುಕತೊಡಗಿದೆ. ಪೀಟರ್ಸನ್, ಸೆಲಿಗ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲಿ ಮನುಷ್ಯರ ಒಳ್ಳೆಯ ಗುಣಗಳನ್ನು 24 ಎಂದು ಪಟ್ಟಿ ಮಾಡಿದ್ದಾರೆ. ಅದರ ಪರೀಕ್ಷೆಯನ್ನು ನೆಟ್‌ನಲ್ಲಿ ಪುಕ್ಕಟೆಯಾಗಿ ಬರೆಯಬಹುದು. ಬರೆದೆ. ದಯೆ ಮೇಲೆ ಬಂತು. ಸಂತೋಷ, ಆದರೆ ದಯೆಯನ್ನು ಬಯೋಡೇಟಾದಲ್ಲಿ ಎಲ್ಲಿ ಹಾಕೋದು?

ಆಮೇಲೆ ಸಿಕ್ಕಿದ್ದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಮಾಡಿಸುವ ಒಂದು ಅಭ್ಯಾಸ. ಹತ್ತಿಪ್ಪತ್ತು ಜನ ಪರಿಚಯದವರನ್ನು ಕೇಳಬೇಕು: ನಾನು ತುಂಬ ಚೆನ್ನಾಗಿ ನಡೆದುಕೊಂಡ ಒಂದು ಸಂದರ್ಭ ಬರೆದುಕೊಡಿ ಅಂತ. ಹೊಗಳಿಕೆ ಬೇಡ, ನಡೆದದ್ದು ಬೇಕು. ಬಂದದ್ದನ್ನೆಲ್ಲ ಒಟ್ಟಿಗೆ ಇಟ್ಟು, ಯಾವುದು ಮತ್ತೆ ಮತ್ತೆ ಬರುತ್ತದೆ ನೋಡಬೇಕು. ಕೇಳುವಾಗ ನಾಚಿಕೆಯಾಯಿತು. ನೀವು ಮಾತ್ರ ನಗದೆ ಬರೆದುಕೊಟ್ಟಿರಿ.

ಕ್ಯಾಷಿಯರ್ ಸರ್, ನಿಮ್ಮ ಪತ್ರದ ವಿಷಯ ನನಗೆ ಮರೆತೇ ಹೋಗಿತ್ತು. ಜೂನ್ ತಿಂಗಳಲ್ಲಿ ಒಬ್ಬ ಅಜ್ಜಿ ಪಾಸ್‌ಬುಕ್ ಹಿಡಿದು ಕೌಂಟರ್ ಮುಂದೆ ಕೂಗಾಡುತ್ತಿದ್ದರಂತೆ. ಸೊಸೆಯ ಖಾತೆಯಿಂದ 436 ರೂಪಾಯಿ ಹೋಗಿದೆ, ಕೇಳದೆ ಯಾರು ತೆಗೆದರು ಅಂತ. ನಾನು ಅವರನ್ನು ಕೂರಿಸಿಕೊಂಡು, ಚಲನ್ ಹಿಂದೆ ಒಂದು ಮನೆಯ ಚಿತ್ರ ಬರೆದೆನಂತೆ. ಇದು ಕೇಂದ್ರ ಸರ್ಕಾರದ ಜೀವನಜ್ಯೋತಿ ವಿಮೆ, ವರ್ಷ ಶುರುವಾಗೋದು ಜೂನ್ 1ಕ್ಕೆ, ಅದಕ್ಕೇ ಮೇ ಕೊನೆಯಲ್ಲಿ ಕಂತು ಕಟ್ ಆಗುತ್ತೆ, ಸೊಸೆಗೆ ಏನಾದರೂ ಆದರೆ ಈ ಮನೆಗೆ 2 ಲಕ್ಷ ಬರುತ್ತೆ ಅಂದೆನಂತೆ. ಅಜ್ಜಿ ಸ್ವಲ್ಪ ಹೊತ್ತು ಚಿತ್ರ ನೋಡಿ, "ಹಂಗಾದ್ರೆ ನನ್ ಮಗನಿಗೂ ಮಾಡು" ಅಂದರಂತೆ. ನಮ್ಮ ಕಂಪನಿಗೆ ಅದರಿಂದ ಒಂದು ಪೈಸೆ ಇಲ್ಲ. ಮೇಲಿನವರು ಇಂಥದ್ದನ್ನು ಟೈಂ ವೇಸ್ಟ್ ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಹಾಸ್ಟೆಲ್ ಗೆಳತಿ ಬರೆದದ್ದು ಪರೀಕ್ಷೆ ಹಿಂದಿನ ರಾತ್ರಿ ಅಕೌಂಟೆನ್ಸಿ ಹೇಳಿಕೊಟ್ಟದ್ದು. ಅತ್ತಿಗೆ ಬರೆದದ್ದು ಮಾವನವರಿಗೆ ಸಕ್ಕರೆ ಕಾಯಿಲೆ ಮಾತ್ರೆಗಳ ಲೆಕ್ಕ ಅರ್ಥ ಮಾಡಿಸಿದ್ದು. ಎಲ್ಲದರಲ್ಲೂ ಒಂದೇ ವಿಷಯ: ಅರ್ಥವಾಗುವ ಹಾಗೆ ಹೇಳಿಕೊಡುವುದು. ಸಲೀಸಾಗಿ ಬರುವುದನ್ನು ನಾವು ಕೆಲಸ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ವಾ?

ಬಯೋಡೇಟಾದಿಂದ "ಕಷ್ಟಪಟ್ಟು ದುಡಿಯುವ ಸ್ವಭಾವ" ತೆಗೆದು ಹಾಕಿ, ನಿಮ್ಮ ಪತ್ರಗಳಲ್ಲಿದ್ದ ಘಟನೆಗಳನ್ನೇ ಎರಡೆರಡು ಸಾಲಿನಲ್ಲಿ ಬರೆದೆ. ಈ ಸಂಸ್ಥೆಯ ಇಂಟರ್‌ವ್ಯೂನಲ್ಲಿ, ಮಾತು ಬೇಡ, ಏನಾದರೂ ಹೇಳಿಕೊಡುತ್ತೇನೆ ಅಂತ ಕೇಳಿಕೊಂಡೆ. ಫೋನಿನಲ್ಲಿ ದುಡ್ಡು ನಮಗೆ ಬರೋದಕ್ಕೆ ಪಿನ್ ಒತ್ತೋದು ಬೇಡ, ಯಾರಾದರೂ ಒತ್ತಿ ಅಂದರೆ ಅದು ಮೋಸ ಅನ್ನೋದನ್ನು ಹೇಳಿದೆ. ಚಹಾ ತಂದಿದ್ದ ಅಕ್ಕ ಅಲ್ಲೇ ನಿಂತು ಇನ್ನೂ ಎರಡು ಪ್ರಶ್ನೆ ಕೇಳಿದರು. ಕೆಲಸ ಸಿಕ್ಕಿದ್ದು ಅವರಿಂದಲೇ ಇರಬೇಕು. ಅವರಿಗೂ ಥ್ಯಾಂಕ್ಸ್.

ಈಗಿನ ಆಫೀಸಿನ ಗೆಳೆಯರೊಬ್ಬರಿಗೂ ಋಣಿ. ಅವರಿಗೆ ಎಕ್ಸೆಲ್ ಇಷ್ಟ, ಜನರ ಮುಂದೆ ನಿಲ್ಲೋದು ಕಷ್ಟ. ನನ್ನ ರಿಪೋರ್ಟ್ ಅವರು ಮಾಡುತ್ತಾರೆ, ಅವರು ಕೊಡಬೇಕಾದ ತರಬೇತಿ ನಾನು ಕೊಡುತ್ತೇನೆ. ಮ್ಯಾನೇಜರ್ ಒಪ್ಪಿದ್ದು ದೊಡ್ಡದು.

ಇನ್ನು ನನ್ನ ಸರದಿ. ಯಾರಿಗಾದರೂ ಇಂಥ ಪತ್ರ ಬೇಕಿದ್ದರೆ ಸಂಕೋಚ ಬಿಟ್ಟು ಕೇಳಿ, ಬರೆದುಕೊಡುತ್ತೇನೆ. ಅತ್ತಿಗೆಯದು ಆಗಲೇ ಎರಡು ಪುಟ ಆಗಿದೆ. ಅವರ ಕೋಪದ ವಿಷಯ ಸದ್ಯಕ್ಕೆ ಬಿಟ್ಟಿದ್ದೇನೆ.