ಗಾಟೂನ್ ಗೇಟಿಗೆ ಹೋಗುವ ಮುಂಚೆ: ಮಗಳಿಗೊಂದು ಪತ್ರ

ಯಾದಗಿರಿ

ಚಿ. ಸೌ. ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮ. ನೀನೂ ಅಳಿಯಂದಿರೂ ಆರಾಮ ಇದ್ದೀರಿ ಅಂತ ತಿಳಿದಿದ್ದೇನೆ. ಪನಾಮಾದ ಸಾನ್ ಬ್ಲಾಸ್ ದ್ವೀಪಗಳಿಂದ ಹಾಯಿದೋಣಿಯಲ್ಲಿ ಹೊರಟು ಕೊಲೋನ್ ಬಂದರು ಮುಟ್ಟಿ, ಅಲ್ಲಿಂದ ಪನಾಮಾ ಕಾಲುವೆಗೆ ಬೋಟು ಹಾಕುತ್ತೀವಿ ಅಂತ ನೀನು ಕಳಿಸಿದ ಮೆಸೇಜನ್ನು ನಿಮ್ಮವ್ವ ಓಣಿಗೆಲ್ಲ ಓದಿ ಹೇಳಿದ್ದಾಳೆ. ಹಾಯಿ, ಲಂಗರು, ಗಾಳಿ ಇವೆಲ್ಲ ನಿಮ್ಮಿಬ್ಬರಿಗೇ ಬಿಟ್ಟದ್ದು. ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ಆದರೆ ಕಾಲುವೆ ಅಂದ ಮೇಲೆ ಸುಮ್ನೆ ಇರೋಕೆ ಆಗುತ್ತಾ? ನಾರಾಯಣಪುರ ಎಡದಂಡೆ ಕಾಲುವೆಯ ಗೇಟು ಎತ್ತಿ ಇಳಿಸಿಯೇ ನಿನ್ನನ್ನು ಓದಿಸಿದವನು ನಾನು.

ನಮ್ಮ ಕಾಲುವೆ 78 ಕಿಲೋಮೀಟರ್, ಪನಾಮಾದ್ದು ಸುಮಾರು 82. ಉದ್ದದಲ್ಲಿ ಅಂಥ ಫರಕಿಲ್ಲ, ಕೆಲಸ ಮಾತ್ರ ಪೂರ್ತಿ ಬೇರೆ. ನಮ್ಮದು ನೀರನ್ನು ಹೊಲಕ್ಕೆ ಇಳಿಸುತ್ತದೆ, ಅದು ಹಡಗನ್ನು ಗುಡ್ಡ ಹತ್ತಿಸುತ್ತದೆ. ಗಾಟೂನ್ ಕೆರೆ ಸಮುದ್ರಕ್ಕಿಂತ 26 ಮೀಟರ್ ಮೇಲಿದೆ. ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ ಮಾಡಿದ ಕೆರೆ ಅದು. ಗೇಟು ಹಾಕಿದ ಮೂರು ತೊಟ್ಟಿಗಳಲ್ಲಿ ನೀರು ತುಂಬಿ ನಿಮ್ಮನ್ನು ಹಂತಹಂತವಾಗಿ ಮೇಲೆತ್ತುತ್ತಾರೆ. ಇಂಥ ತೊಟ್ಟಿಗೇ ಲಾಕು ಅನ್ನುವುದು. ಆ ಕಡೆ, ಪೆಸಿಫಿಕ್ ಸಮುದ್ರದ ಬದಿಗೆ, ಪೆದ್ರೊ ಮಿಗೆಲ್‌ನಲ್ಲಿ ಒಂದು ಹಂತ, ಮಿರಾಫ್ಲೋರೆಸ್‌ನಲ್ಲಿ ಎರಡು ಹಂತ ಇಳಿಸುತ್ತಾರೆ.

ಇಷ್ಟಕ್ಕೆಲ್ಲ ಒಂದೂ ಪಂಪ್ ಇಲ್ಲ, ಗೊತ್ತಾ? ಊರ ಕಟ್ಟೆಯ ಬಳಿ ಕೂತವರಿಗೆ ಇದನ್ನು ಹೇಳಿದರೆ ಯಾರೂ ನಂಬಲಿಲ್ಲ. ಗೋಡೆಯ ಒಳಗೆ ಐದೂವರೆ ಮೀಟರ್ ಅಗಲದ ಸುರಂಗಗಳಿವೆ. ವಾಲ್ವ್ ತೆರೆದರೆ ಕೆರೆಯ ನೀರು ತನ್ನ ಭಾರಕ್ಕೆ ತಾನೇ ಇಳಿದು, ತಳದ ತೂತುಗಳಿಂದ ಮೇಲೆ ಉಕ್ಕುತ್ತದೆ. ಸುಮಾರು ಎಂಟು ನಿಮಿಷದಲ್ಲಿ 305 ಮೀಟರ್ ಉದ್ದದ ತೊಟ್ಟಿ ತುಂಬುತ್ತದೆ. ಗೇಟಿನ ಒಂದೊಂದು ಬಾಗಿಲೂ ನೂರಾರು ಟನ್ ತೂಕದ್ದು. ಆದರೆ ಒಳಗೆ ಟೊಳ್ಳು, ಅರ್ಧ ತೇಲುತ್ತದೆ. ಹಾಗಾಗಿ ಶುರುವಿನಲ್ಲಿ ಅದನ್ನು ತಿರುಗಿಸಲು 40 ಎಚ್‌ಪಿ ಮೋಟಾರ್ ಸಾಕಾಗಿತ್ತು. ನಮ್ಮ ಹೊಲದ 10 ಎಚ್‌ಪಿ ಪಂಪ್‌ಸೆಟ್ ನಾಲ್ಕು ಸೇರಿಸಿದರೆ ಆಯಿತು! 1914ರ ಆಗಸ್ಟ್ 15ಕ್ಕೆ ಚಾಲೂ ಆದದ್ದು ಇದು. ನಮ್ಮಲ್ಲಿ ಈಗ ಕಂಪ್ಯೂಟರ್ ಗೇಟು ಬಂದಿದೆ, 2023ರ ಜನವರಿಯಲ್ಲಿ ಕೊಡೇಕಲ್‌ಗೆ ಪ್ರಧಾನಿಯೇ ಬಂದು ಉದ್ಘಾಟಿಸಿ ಹೋದರು. ಒಳ್ಳೆಯದೇ. ಆದರೂ ಆ ಹಳೆ ಕಾಲದವರ ಲೆಕ್ಕಾಚಾರ ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ.

ಈಗ ಮುಖ್ಯ ಮಾತು, ಹಗ್ಗದ ವಿಷಯ. ತೊಟ್ಟಿಯಲ್ಲಿ ಬೋಟು ಅತ್ತಿತ್ತ ಹೋಗದಂತೆ, ಬೋಟು ನಡೆಸುವವರನ್ನು ಬಿಟ್ಟು ನಾಲ್ಕು ಜನ ಹಗ್ಗ ಹಿಡಿಯಲೇಬೇಕು ಅಂತ ಅಲ್ಲಿ ನಿಯಮವಿದೆ. ನೀವು ಇರೋದೇ ಇಬ್ಬರು. ಪಕ್ಕದ ಬೋಟಿನವರು ಮುಯ್ಯಾಳಾಗಿ ಬರುತ್ತಾರೆ, ನಾಳೆ ನೀವು ಅವರಿಗೆ ಹೋಗುತ್ತೀರಿ ಅಂತ ಬರೆದಿದ್ದೆ. ಸಮಾಧಾನ ಆಯಿತು. ಬಂದವರಿಗೆ ಹೊಟ್ಟೆ ತುಂಬ ಊಟಕ್ಕೆ ಹಾಕು. ಅಧಿಕಾರಿಗಳ ಕಡೆಯಿಂದ ಬರುವ ಸಲಹೆಗಾರರಿಗೂ ಬಿಸಿ ಊಟ ಕೊಡು. ಹಗ್ಗವನ್ನು ಮಾತ್ರ ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡ. ಗೇಟಿನ ವೈರ್ ರೋಪಿಗೆ ಬೆರಳು ಕೊಟ್ಟವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನೀರು ಏರುತ್ತಿದ್ದಂತೆ ಸಡಿಲಾದ ಹಗ್ಗವನ್ನು ಎಳೆದುಕೊಳ್ಳುತ್ತಿರಬೇಕು, ಇಳಿಯುವಾಗ ಸ್ವಲ್ಪ ಸ್ವಲ್ಪವೇ ಬಿಡಬೇಕು. ತೊಟ್ಟಿ ತುಂಬುವಾಗ ನೀರು ಕುದಿಯುವ ಹಾಗೆ ಸುಳಿ ಹೊಡೆಯುತ್ತದೆ. ಗೇಟು ತೆರೆಯಿತು, ಮುಗಿಯಿತು ಅಂದುಕೊಳ್ಳಬೇಡಿ. ಮುಂದೆ ನಿಂತ ದೊಡ್ಡ ಹಡಗು ಹೊರಡುವಾಗ ಅದರ ಪ್ರೊಪೆಲ್ಲರ್ ನೀರನ್ನೆಲ್ಲ ನಿಮ್ಮ ಕಡೆಗೇ ತಳ್ಳುತ್ತದೆ. ಅದು ದೂರ ಹೋಗುವ ತನಕ ಹಗ್ಗ ಬಿಚ್ಚಬಾರದು.

ರಾತ್ರಿ ಗಾಟೂನ್ ಕೆರೆಯಲ್ಲಿ ನಿಲ್ಲಬೇಕಾಗಿ ಬಂದರೆ ಈಜೋಕೆ ಇಳಿಯಬೇಡಿ. ಸಿಹಿನೀರು ಕಂಡು ಆಸೆ ಆಗುತ್ತದೆ, ಆದರೆ ಮೊಸಳೆಗಳಿವೆ.

ಒಂದು ಲೆಕ್ಕ ನನ್ನನ್ನು ಬಿಡುತ್ತಿಲ್ಲ. ಹಳೆಯ ಲಾಕುಗಳಲ್ಲಿ ಒಂದು ಹಡಗು ಈ ಸಮುದ್ರದಿಂದ ಆ ಸಮುದ್ರಕ್ಕೆ ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರಕ್ಕೆ ಹೋಗುತ್ತದೆ. ಅಂದರೆ ನಮ್ಮ ಒಂದು ಟಿಎಂಸಿ ನೀರಿಗೆ ಸುಮಾರು 140 ಹಡಗು. ನೀವು ದೊಡ್ಡ ಹಡಗಿನ ಜೊತೆಯಲ್ಲೇ ಒಂದೇ ತೊಟ್ಟಿಯಲ್ಲಿ ಹೋಗೋದರಿಂದ ನಿಮ್ಮ ಬೋಟಿಗೆ ಅಂತ ಬೇರೆ ನೀರು ಖರ್ಚಾಗಲ್ಲ ಬಿಡು. ಆದರೆ 2023ರಲ್ಲಿ ಅಲ್ಲಿ ಮಳೆ ಕೈಕೊಟ್ಟು, ಕೆರೆ ಇಳಿದು, ದಿನಕ್ಕೆ 36ರ ಆಸುಪಾಸು ಬಿಡುತ್ತಿದ್ದ ಹಡಗುಗಳನ್ನು 2024ರ ಜನವರಿ ಹೊತ್ತಿಗೆ 24ಕ್ಕೆ ಇಳಿಸಿದ್ದರು. ಅದೇ ವರ್ಷ ನಮ್ಮಲ್ಲೂ ಬರ. ಇಲ್ಲಿ ಚಾಲೂ-ಬಂದ್ ಲೆಕ್ಕದಲ್ಲಿ ಕಾಲುವೆಗೆ ನೀರು, ಕೊನೆ ಭಾಗದ ರೈತರ ಜಗಳ. ಅಲ್ಲಿ ಹಡಗಿನವರು ಸರದಿ ತಪ್ಪಿಸಿ ಮುಂದೆ ಹೋಗಲು ಲಕ್ಷಗಟ್ಟಲೆ ಡಾಲರ್ ಹರಾಜು ಕೂಗಿದರಂತೆ. ನಮ್ಮ ರೈತ ಯಾರ ಹತ್ತಿರ ಹರಾಜು ಕೂಗಬೇಕು ಹೇಳು.

ಬೋಟಿನಲ್ಲಿ ಪಾತ್ರೆಯನ್ನು ಮೊದಲು ಸಮುದ್ರದ ನೀರಲ್ಲಿ ತಿಕ್ಕಿ, ಕೊನೆಗೆ ಒಂದು ಚೊಂಬು ಸಿಹಿನೀರಲ್ಲಿ ತೊಳೆಯುತ್ತೀ ಅಂತ ಓದಿ ನಿಮ್ಮವ್ವ ನಕ್ಕಳು. ಇಲ್ಲಿ ನಲ್ಲಿ ಬಂದ ದಿನ ನೀನು ಬಕೆಟ್ ತುಂಬಿ ಹರಿಯುವ ತನಕ ಮೊಬೈಲ್ ನೋಡುತ್ತಾ ನಿಲ್ಲುತ್ತಿದ್ದೆ, ಅಲ್ವಾ? ಸೋಲಾರ್ ನಡೆದರೆ ಉಪ್ಪುನೀರನ್ನು ಸಿಹಿ ಮಾಡುವ ಮಷೀನ್, ಮಷೀನ್ ನಡೆದರೆ ಸ್ನಾನ. ಒಳ್ಳೆ ಸಂಸಾರ ಕಲಿಯುತ್ತಿದ್ದೀಯ. ‘ಮಗಳು ಯಾವಾಗ ಊರಿಗೆ ಬಂದು ನೆಲೆ ನಿಲ್ಲುತ್ತಾಳೆ’ ಅಂತ ಕೇಳುವವರಿಗೆ ನಾನು ಕಾಲುವೆ ಪಾಠ ಶುರು ಮಾಡುತ್ತೇನೆ. ಎರಡನೇ ಸಲ ಯಾರೂ ಕೇಳಿಲ್ಲ.

ಸಾನ್ ಬ್ಲಾಸ್‌ನ ಗುನಾ ಬುಡಕಟ್ಟಿನ ಹೆಂಗಸರು ಪದರ ಪದರ ಬಟ್ಟೆ ಇಟ್ಟು, ಕತ್ತರಿಸಿ ಹೊಲಿಯುವ ಮೋಲಾದ ಫೋಟೊ ಕಳಿಸಿದ್ದೆಯಲ್ಲ. ಕೌದಿ ಹೊಲಿಯುವ ನಿಮ್ಮವ್ವ ಅದನ್ನು ದೊಡ್ಡದು ಮಾಡಿ ಹೊಲಿಗೆ ಎಣಿಸುತ್ತಾ ಕೂತಿದ್ದಳು. ಅವಳಿಗೊಂದು ತಗೋ. ಜಾಸ್ತಿ ಚೌಕಾಸಿ ಮಾಡಬೇಡ. ಮತ್ತೆ ಅಲ್ಲಿ ನೆಲಕ್ಕೆ ಬಿದ್ದ ತೆಂಗಿನಕಾಯಿಗೂ ಒಬ್ಬ ಒಡೆಯ ಇರುತ್ತಾನೆ. ಕೇಳದೆ ಮುಟ್ಟಬೇಡಿ.

ಕಡಕ್ ರೊಟ್ಟಿ ಸಮುದ್ರದ ಹವೆಗೆ ಮೆತ್ತಗಾಯಿತು ಅಂದೆ. ಬಿಸಿಲಿಗೆ ಇಟ್ಟರೆ ಉಪ್ಪುಗಾಳಿ ಬಡಿದು ಇನ್ನೂ ಮೆತ್ತಗಾಗುತ್ತದೆ. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕು. ಶೇಂಗಾ ಹಿಂಡಿಗೆ ಒದ್ದೆ ಚಮಚ ಹಾಕಬೇಡ.

ಕಾಲುವೆಯವರು ಲಾಕುಗಳ ಹತ್ತಿರ ಕ್ಯಾಮೆರಾ ಇಟ್ಟಿದ್ದಾರೆ, ಅದನ್ನು ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನಿಮಗೂ ನಮಗೂ ಹತ್ತೂವರೆ ಗಂಟೆ ಅಂತರ. ನೀವು ಮಿರಾಫ್ಲೋರೆಸ್‌ಗೆ ಬೆಳಿಗ್ಗೆ 11ಕ್ಕೆ ಬಂದರೆ ಇಲ್ಲಿ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ಎಲ್ಲರೂ ಟಿವಿಗೆ ಹಚ್ಚಿ ನೋಡುತ್ತೇವೆ. ಸರದಿ ಗೊತ್ತಾದ ತಕ್ಷಣ ತಾರೀಕು, ಹೊತ್ತು ತಿಳಿಸು. ಅಲ್ಲಿ ಎಲ್ಲ ಬೋಟೂ ಬಿಳಿ ಬಣ್ಣದವೇ ಇರುತ್ತವೆ. ಗುರುತು ಸಿಗಲು ನಿನ್ನ ಕೆಂಪು ಟೊಪ್ಪಿಗೆ ಹಾಕಿಕೊಂಡಿರು.

ನಿನ್ನ ಅಪ್ಪ