ಲಾಲ್‌ಬಾಗಿಗೆ ಬರುವ ಗೆಳೆಯನಿಗೆ: ಮೊದಲು ಗೇಟು, ಆಮೇಲೆ ಗಾಡಿ

ಪ್ರೀತಿಯ ಗೆಳೆಯಾ,

ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಅಮ್ಮನನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ಬರುತ್ತೀ ಅಂತ ತಿಳಿದು ತುಂಬಾ ಸಂತೋಷವಾಯಿತು. "ಲಾಲ್‌ಬಾಗಿಗೆ ಯಾವ ಬಸ್ಸು?" ಅಂತ ಒಂದೇ ಸಾಲು ಕೇಳಿದ್ದೀಯ. ಬಸ್ಸಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಯಾವ ಗೇಟಿಗೆ ಅನ್ನೋದನ್ನು ಗಟ್ಟಿ ಮಾಡಿಕೊ. ಅದೊಂದು ಸರಿಯಾದರೆ ಮಿಕ್ಕಿದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ.

ತೋಟ 240 ಎಕರೆ, ಗೇಟು ನಾಲ್ಕು. ಉತ್ತರಕ್ಕಿರುವುದು ಮೇನ್ ಗೇಟ್. ಡಬಲ್ ರೋಡು, ಅಂದರೆ ಕೆ.ಎಚ್. ರಸ್ತೆ, ಬಂದು ಮುಟ್ಟುವುದು ಈ ಕಡೆಗೇ. ಪಶ್ಚಿಮದ ವೆಸ್ಟ್ ಗೇಟ್ ಬಸವನಗುಡಿ ಮಗ್ಗುಲಿಗಿದೆ, ಮೆಟ್ರೊ ಇಳಿಯುವುದು ಅಲ್ಲಿ. ದಕ್ಷಿಣದ್ದು ಅಶೋಕ ಪಿಲ್ಲರ್, ಸಿದ್ದಾಪುರ, ಜಯನಗರದ ಜನ ಬಳಸುವ ಚಿಕ್ಕ ಗೇಟು. ಪೂರ್ವದ್ದು ಡಾ. ಮರಿಗೌಡ ರಸ್ತೆಯ ಕಡೆಗೆ. ಒಂದು ಗೇಟಿನಿಂದ ಇನ್ನೊಂದಕ್ಕೆ ಹೊರಗಿನಿಂದ ನಡೆಯುವುದೆಂದರೆ ಗಾಡಿಗಳ ಮಧ್ಯೆ ಕಾಂಪೌಂಡು ಸುತ್ತುವ ಕೆಲಸ. ಇಬ್ಬರೂ "ಗೇಟ್ ಹತ್ರಾನೇ ಇದ್ದೀನಿ" ಅಂತ ಫೋನಿನಲ್ಲಿ ಹೇಳುತ್ತ ಅರ್ಧ ಗಂಟೆ ಒಬ್ಬರಿಗೊಬ್ಬರು ಸಿಗದೆ ಹೋಗುವುದು ಇಲ್ಲಿ ದಿನಾ ನಡೆಯುತ್ತದೆ. ಹಾಗಾಗಿ ಯಾರಿಗೆ ಹೇಳುವಾಗಲೂ ಬರೀ ಲಾಲ್‌ಬಾಗ್ ಅನ್ನಬೇಡ, ಗೇಟಿನ ಹೆಸರನ್ನೂ ಸೇರಿಸು.

ಅಮ್ಮ ಜೊತೆಗಿರುವುದರಿಂದ ನಿನಗೆ ವೆಸ್ಟ್ ಗೇಟೇ ಸರಿ, ಮೆಟ್ರೊನೇ ಸರಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಿಮ್ಮ ರಾತ್ರಿ ರೈಲು ಯಶವಂತಪುರದಲ್ಲಿ ನಿಲ್ಲುವುದಾದರೆ ಅಲ್ಲೇ ಇಳಿದುಬಿಡಿ, ಮೆಜೆಸ್ಟಿಕ್‌ವರೆಗೆ ಬರುವ ಅಗತ್ಯವಿಲ್ಲ. ತುಮಕೂರು ರಸ್ತೆ ಕಡೆಯ ಬಾಗಿಲಿನಿಂದ ಹೊರಬಂದರೆ ಯಶವಂತಪುರ ಮೆಟ್ರೊ ನಿಲ್ದಾಣ ಪಕ್ಕದಲ್ಲೇ ಇದೆ. ಅದು ಹಸಿರು ಮಾರ್ಗ. ಲಾಲ್‌ಬಾಗ್ ಇರುವುದೂ ಅದೇ ಮಾರ್ಗದಲ್ಲಿ, ಹಾಗಾಗಿ ಎಲ್ಲೂ ಗಾಡಿ ಬದಲಿಸಬೇಕಾಗಿಲ್ಲ. ರೇಷ್ಮೆ ಸಂಸ್ಥೆ ಅಂತ ಬೋರ್ಡು ತೋರಿಸುವ ರೈಲು ಹತ್ತಿ. ಮಾದಾವರ ಅಂತ ಇದ್ದರೆ ಅದು ನೀವು ಬಂದ ದಿಕ್ಕಿಗೇ ವಾಪಸ್ ಹೋಗುವ ಗಾಡಿ.

ಯಶವಂತಪುರ ಬಿಟ್ಟ ಮೇಲೆ ಹನ್ನೊಂದನೆಯದು ಲಾಲ್‌ಬಾಗ್. ಏಳನೆಯದು ಮೆಜೆಸ್ಟಿಕ್. ಅಲ್ಲಿ ಅರ್ಧ ರೈಲು ಖಾಲಿಯಾಗಿ ಮತ್ತೆ ತುಂಬುತ್ತದೆ. ಆ ನೂಕುನುಗ್ಗಲಿನಲ್ಲಿ ಅಮ್ಮ ಬಾಗಿಲ ಬಳಿ ನಿಂತಿರಬಾರದು, ಮೊದಲೇ ಒಳಗೆ ಸೀಟು ಹಿಡಿಸು. ಆಮೇಲೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ. ಅಲ್ಲಿಯವರೆಗೂ ಸುರಂಗ, ಕಿಟಕಿಯಲ್ಲಿ ಕಾಣುವುದು ನಿಮ್ಮದೇ ಮುಖ. ಮಾರುಕಟ್ಟೆ ದಾಟಿದ ಮೇಲೆ ರೈಲು ಮೇಲಕ್ಕೇರುತ್ತದೆ. ಕಿವಿಯೊಳಗಿನ ಗುಂಯ್ ಸದ್ದು ನಿಂತು, ಬೋಗಿಯೊಳಗೆ ಒಮ್ಮೆಲೇ ಬೆಳಕು ಬೀಳುತ್ತದೆ. ಬೆಳಕು ಬಿತ್ತೆಂದರೆ ಏಳಲು ಸಿದ್ಧವಾಗಿ. ಮುಂದೆ ನ್ಯಾಷನಲ್ ಕಾಲೇಜು, ಅದರ ಮುಂದಿನದೇ ಲಾಲ್‌ಬಾಗ್.

ಇಲ್ಲಿ ಎಷ್ಟೋ ಜನ ಎಡವುವ ಒಂದು ಜಾಗ ಇದೆ. ಲಾಲ್‌ಬಾಗ್ ನಿಲ್ದಾಣ ನಿಂತಿರುವುದು ಆರ್.ವಿ. ರಸ್ತೆಯ ಮೇಲೆ. ಆದರೆ ಅದೇ ಮಾರ್ಗದಲ್ಲಿ ಮುಂದೆ ಆರ್.ವಿ. ರೋಡ್ ಅಂತಲೇ ಬೇರೊಂದು ನಿಲ್ದಾಣ ಇದೆ. ಯಾರೋ "ಆರ್.ವಿ. ರೋಡ್ ಕಡೆ ಗೇಟು" ಅಂದದ್ದನ್ನು ನಂಬಿ ಜನ ಅಲ್ಲಿಗೆ ಹೋಗಿ ಇಳಿಯುತ್ತಾರೆ. ಲಾಲ್‌ಬಾಗ್ ಆದ ಮೇಲೆ ಸೌತ್ ಎಂಡ್ ಸರ್ಕಲ್, ಜಯನಗರ, ಆಮೇಲೆ ಆರ್.ವಿ. ರೋಡ್. ಮೂರು ನಿಲ್ದಾಣ ತಪ್ಪಿದ ಹಾಗಾಯಿತು. ಹಾಗಾದರೆ ಗಾಬರಿ ಬೇಡ. ಹೊರಗೆ ಹೋಗದೆ ಎದುರು ದಿಕ್ಕಿನ ರೈಲು ಹತ್ತಿ ವಾಪಸ್ ಬನ್ನಿ. ನಿನ್ನ ತಂಗಿ ಎಲೆಕ್ಟ್ರಾನಿಕ್ ಸಿಟಿಯಿಂದ ಬರುವುದಾದರೆ ಅವಳಿಗೆ ಮಾತ್ರ ಆರ್.ವಿ. ರೋಡ್ ಬೇಕು. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಅಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಲಿ ಹಸಿರಿಗೆ ಬದಲಾಯಿಸಿ, ಮೂರನೆಯ ನಿಲ್ದಾಣದಲ್ಲಿ ಇಳಿದರಾಯಿತು.

ಲಾಲ್‌ಬಾಗ್ ನಿಲ್ದಾಣ ರಸ್ತೆಯಿಂದ ಎತ್ತರದಲ್ಲಿದೆ. ಅಮ್ಮನನ್ನು ಮೆಟ್ಟಿಲು ಇಳಿಸಬೇಡ, ಲಿಫ್ಟಿದೆ. ಹೊರಹೋಗುವಾಗ ಲಾಲ್‌ಬಾಗ್ ಕಡೆಯ ಬಾಣ ನೋಡಿಕೊಂಡೇ ಹೊರಡು. ಎದುರು ಬದಿಗೆ ಇಳಿದುಬಿಟ್ಟರೆ ಆರ್.ವಿ. ರಸ್ತೆಯನ್ನು ಕೆಳಗೆ ದಾಟಬೇಕು, ವಯಸ್ಸಾದವರಿಗೆ ಅದು ಕಷ್ಟ. ಸರಿಯಾದ ಬದಿಗೆ ಇಳಿದರೆ ಗೇಟು ಕೆಲವೇ ನಿಮಿಷದ ನಡಿಗೆ.

ಟಿಕೆಟ್ ವಿಚಾರ. ಸ್ಮಾರ್ಟ್ ಕಾರ್ಡು ಒಬ್ಬರಿಗೆ ಒಂದು. ಒಂದೇ ಕಾರ್ಡು ತೋರಿಸಿ ಇಬ್ಬರು ಒಳಗೆ ಹೋಗಲು ಆಗುವುದಿಲ್ಲ, ಎರಡನೆಯವರಿಗೆ ಬಾಗಿಲು ತೆರೆಯುವುದೇ ಇಲ್ಲ. ಒಂದು ದಿನಕ್ಕೆ ಬರುವ ನಿಮಗೆ ಮೊಬೈಲಿನ ಕ್ಯೂಆರ್ ಟಿಕೆಟ್ ಅನುಕೂಲ. ನಮ್ಮ ಮೆಟ್ರೊ ಆ್ಯಪ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಒಂದೇ ಸಲಕ್ಕೆ ಆರು ಜನರವರೆಗೂ ತೆಗೆಯಬಹುದು. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಕನಿಷ್ಠ ದರ 10 ರೂಪಾಯಿ, ಗರಿಷ್ಠ 90 ಅಂತ ಮಾಡಿದರು. ನೀವು ಬರುವ ದಿನದ ದರ ಆ್ಯಪ್‌ನಲ್ಲೇ ಕಾಣುತ್ತದೆ. ಇನ್ನೊಂದು ಮಾತು, ಭಾನುವಾರ ಮೆಟ್ರೊ ಶುರುವಾಗುವುದು ಬೆಳಿಗ್ಗೆ 7ಕ್ಕೆ. ಬೇರೆ ದಿನ 5 ಗಂಟೆಗೆಲ್ಲ ಇರುತ್ತದಲ್ಲ ಅಂದುಕೊಂಡು ಭಾನುವಾರ ಬೇಗ ಬಂದರೆ ಮುಚ್ಚಿದ ಶಟರಿನ ಮುಂದೆ ಕೂರಬೇಕಾಗುತ್ತದೆ.

ರೈಲಿನ ಬದಲು ಬಸ್ಸಿನಲ್ಲಿ ಹೊರಟರೆ ಅದೂ ತುಮಕೂರು ರಸ್ತೆಯಿಂದಲೇ ಊರೊಳಗೆ ಬರುವುದು. ಮೆಜೆಸ್ಟಿಕ್‌ವರೆಗೆ ಟ್ರಾಫಿಕ್ಕಿನಲ್ಲಿ ತೆವಳುವ ಬದಲು ದಾಸರಹಳ್ಳಿ ಅಥವಾ ಗೊರಗುಂಟೆಪಾಳ್ಯದಲ್ಲಿ ಇಳಿಸಲು ಕಂಡಕ್ಟರಿಗೆ ಮೊದಲೇ ಹೇಳಿಡು. ಎರಡೂ ಕಡೆ ಹಸಿರು ಮೆಟ್ರೊ ಇದೆ.

ಮೆಜೆಸ್ಟಿಕ್‌ಗೇ ಬಂದು ಇಳಿಯುವ ಹಾಗಾದರೆ ಅಲ್ಲಿಂದ ಲಾಲ್‌ಬಾಗ್ ನಾಲ್ಕನೆಯ ನಿಲ್ದಾಣ. ನೆನಪಿಡಬೇಕಾದದ್ದು, ಅಲ್ಲಿ ನೇರಳೆ ಮತ್ತು ಹಸಿರು ಒಂದರ ಮೇಲೊಂದು ಇವೆ. ನಿಮಗೆ ಬೇಕಾದ ಹಸಿರು ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿದೆ. ವಿಮಾನ ನಿಲ್ದಾಣದಿಂದ ಬರುವ ನೆಂಟರಿಗೂ ಇದೇ ದಾರಿ ಹೇಳು: ಕೆಐಎ-9 ಬಸ್ಸಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೊ.

ದೊಡ್ಡ ಸೂಟ್‌ಕೇಸು ಎಳೆದುಕೊಂಡು ಮಾತ್ರ ತೋಟಕ್ಕೆ ಬರಬೇಡಿ. ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಿ. ಅಲ್ಲಿ ಬೀಗ ಹಾಕದ ಸಾಮಾನು ತೆಗೆದುಕೊಳ್ಳುವುದಿಲ್ಲ, ರೈಲಿನ ಟಿಕೆಟ್ಟನ್ನೂ ಕೇಳುತ್ತಾರೆ. ಹುಬ್ಬಳ್ಳಿಯಲ್ಲೇ ಒಂದು ಪುಟ್ಟ ಬೀಗ ಜೇಬಿಗೆ ಹಾಕಿಕೊ.

ಈಗ ನೀನು ಕೇಳಿದ ಬಸ್ಸು. ಬಿಎಂಟಿಸಿ ಬಸ್ಸುಗಳು ಮೆಜೆಸ್ಟಿಕ್‌ನಿಂದಲೂ ಕೆ.ಆರ್. ಮಾರುಕಟ್ಟೆಯಿಂದಲೂ ಸಿಗುತ್ತವೆ. ನಂಬರು ಬಾಯಿಪಾಠ ಮಾಡುವುದಕ್ಕಿಂತ ಹತ್ತುವ ಮೊದಲು ಕಂಡಕ್ಟರಿಗೆ ಒಂದೇ ಪ್ರಶ್ನೆ ಕೇಳು: "ಲಾಲ್‌ಬಾಗ್ ಮೇನ್ ಗೇಟ್ ಹೋಗುತ್ತಾ?" ಮೇನ್ ಗೇಟ್ ಬೇರೆ ಸ್ಟಾಪು, ವೆಸ್ಟ್ ಗೇಟ್ ಬೇರೆ ಸ್ಟಾಪು. ಜಯನಗರದ ಕಡೆ ಹೋಗುವ ಬಸ್ಸುಗಳು ಎಲ್ಲವೂ ಒಂದೇ ದಾರಿ ಹಿಡಿಯುವುದಿಲ್ಲ. ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ. ಆದರೆ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ, ಶೂನ್ಯ ಟಿಕೆಟ್ ಮರೆಯದೆ ಪಡೆಯಿರಿ. ಎ.ಸಿ. ವಜ್ರ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಬಸ್ಸಿನ ತೊಂದರೆ ಇಷ್ಟೇ: ಜೆ.ಸಿ. ರಸ್ತೆ, ಮಿನರ್ವ ವೃತ್ತದ ಕಡೆ ಸಿಕ್ಕಿಬಿದ್ದರೆ ಮೆಟ್ರೊದಲ್ಲಿ ಹತ್ತು ನಿಮಿಷದ ಆಸುಪಾಸಿನ ದೂರಕ್ಕೆ ಅದರ ಮೂರು ಪಟ್ಟು ಹೊತ್ತು ಹಿಡಿಯಬಹುದು. ಪ್ರದರ್ಶನದ ದಿನಗಳಲ್ಲಂತೂ ಗೇಟಿನ ಸುತ್ತಲಿನ ರಸ್ತೆಗಳೆಲ್ಲ ಕಿಕ್ಕಿರಿದಿರುತ್ತವೆ.

ಆಟೊ, ಟ್ಯಾಕ್ಸಿಯಲ್ಲಿ ಆಗುವ ತಪ್ಪು ಬೇರೆ ತರಹದ್ದು. ಆ್ಯಪ್‌ನಲ್ಲಿ ಬರೀ "ಲಾಲ್‌ಬಾಗ್" ಅಂತ ಹಾಕಿದರೆ ಗುರುತು ತೋಟದ ನಟ್ಟನಡುವೆ ಬೀಳುತ್ತದೆ. ಮ್ಯಾಪು ಆಗ ತನಗೆ ತೋಚಿದ ಗೇಟಿಗೆ ದಾರಿ ತೋರಿಸುತ್ತದೆ, ಚಾಲಕ ಅಲ್ಲಿಗೆ ಬಿಡುತ್ತಾನೆ. ಅದು ಅವನ ತಪ್ಪಲ್ಲ. "ಲಾಲ್‌ಬಾಗ್ ವೆಸ್ಟ್ ಗೇಟ್" ಅಂತ ಪೂರ್ತಿ ಬರೆದು, ಗುರುತು ರಸ್ತೆಯ ಮೇಲೆ ಬಿದ್ದಿದೆಯೇ ಅಂತ ನೋಡಿ ಬುಕ್ ಮಾಡು. ಆಟೊ ಮೀಟರಿನ ಲೆಕ್ಕ ಗೊತ್ತಿದ್ದರೆ ಚೌಕಾಸಿಗೆ ಅನುಕೂಲ: 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಅಂದರೆ 5 ಕಿ.ಮೀ.ಗೆ 90. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು, ಅದೇ ದೂರಕ್ಕೆ 135.

ವಾಪಸ್ ಹೋಗುವಾಗ ವೆಸ್ಟ್ ಗೇಟಿನಿಂದ ಹೊರಬಂದರೆ ಅದರ ಎದುರೇ ನಿಂತು ಟ್ಯಾಕ್ಸಿ ಕರೆಯಬೇಡ. ಆ ಜನರ ನಡುವೆ ಗಾಡಿ ನಿಲ್ಲಿಸಲು ಪೊಲೀಸರು ಬಿಡುವುದಿಲ್ಲ. ಚಾಲಕ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಬುಕಿಂಗ್ ರದ್ದಾಗಿರುತ್ತದೆ. ಐದು ಹತ್ತು ನಿಮಿಷ ಗಾಂಧಿ ಬಜಾರಿನ ದಿಕ್ಕಿಗೆ ನಡೆದು, ಬಸವನಗುಡಿಯ ಯಾವುದಾದರೂ ಒಳರಸ್ತೆಯಲ್ಲಿ ನಿಂತು ಬುಕ್ ಮಾಡಿದರೆ ಬೇಗ ಸಿಗುತ್ತದೆ.

ಸ್ವಂತ ಕಾರಿನ ಯೋಚನೆ ಇದ್ದರೆ ಬಿಟ್ಟುಬಿಡು. ಪ್ರದರ್ಶನದ ಸಮಯದಲ್ಲಿ ಮರಿಗೌಡ ರಸ್ತೆ, ಕೃಂಬಿಗಲ್ ರಸ್ತೆ, ವೆಸ್ಟ್ ಗೇಟಿನ ಆಜುಬಾಜು ಪಾರ್ಕಿಂಗ್ ನಿಷೇಧ ಮಾಡುತ್ತಾರೆ. ತಂದೇ ತೀರಬೇಕೆಂದರೆ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿ ನಿಲ್ಲಿಸಿ, ಅಲ್ಲಿಂದ ಡಬಲ್ ರೋಡಿನಲ್ಲಿ ಮೇನ್ ಗೇಟಿಗೆ ಬರಬೇಕು.

ಯಾವ ದಿನ, ಎಷ್ಟು ಹೊತ್ತಿಗೆ? ಜನವರಿ 26ಕ್ಕೆ ಮತ್ತು ಶನಿವಾರ, ಭಾನುವಾರಗಳಿಗೆ ಬರಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಹೂವಿನ ಪ್ರದರ್ಶನ ಇರುವ ಗಾಜಿನ ಮನೆಯೊಳಗೆ ಆ ದಿನ ನಿಲ್ಲಲು ಬಿಡುವುದಿಲ್ಲ, ಹಿಂದಿನವರು ತಳ್ಳುತ್ತಲೇ ಇರುತ್ತಾರೆ. ಅಮ್ಮನಿಗೆ ಹೂವಿಗಿಂತ ಮುಂದಿರುವವರ ಬೆನ್ನೇ ಹೆಚ್ಚು ಕಾಣುತ್ತದೆ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಬನ್ನಿ. ತೋಟ ತೆರೆಯುವುದು 6ಕ್ಕೆ, ಮುಚ್ಚುವುದು ಸಂಜೆ 7ಕ್ಕೆ. ಮಾಮೂಲಿ ದಿನಗಳಲ್ಲಿ ಬೆಳಿಗ್ಗೆ 9ರವರೆಗೆ ವಾಯುವಿಹಾರಕ್ಕೆ ಬರುವವರಿಗೆ ಉಚಿತ. ಪ್ರದರ್ಶನಕ್ಕೆ ಮಾತ್ರ ಬೇರೆ ಟಿಕೆಟ್ ಇರುತ್ತದೆ. ಸಂಜೆ 5ರ ಮೇಲೆ ಲಾಲ್‌ಬಾಗ್ ಮೆಟ್ರೊ ನಿಲ್ದಾಣದ ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂದಿರುತ್ತದೆ. ಹಿಂದಿನ ಹಲವು ಪ್ರದರ್ಶನಗಳಲ್ಲಿ ಇದಕ್ಕಾಗಿಯೇ ಮೆಟ್ರೊದವರು 30 ರೂಪಾಯಿಯ ಕಾಗದದ ಟಿಕೆಟ್ ಮಾರಿದ್ದುಂಟು. ನೀವು ಮಧ್ಯಾಹ್ನದೊಳಗೆ ಹೊರಬಿದ್ದರೆ ಆ ಚಿಂತೆಯೇ ಇಲ್ಲ.

ಇನ್ನು ಒಳಗಿನ ನಡಿಗೆ. ವೆಸ್ಟ್ ಗೇಟಿನಿಂದ ಗಾಜಿನ ಮನೆಗೆ ಅಮ್ಮನ ನಿಧಾನಕ್ಕೆ ಹತ್ತು ಹದಿನೈದು ನಿಮಿಷ ಇಟ್ಟುಕೊ. ದಾರಿ ಸಮತಟ್ಟಾಗಿದೆ, ನೆರಳಿದೆ. ಬ್ಯಾಟರಿ ಗಾಡಿಗಳಿವೆ, ಗೇಟಿನಲ್ಲಿ ವಿಚಾರಿಸು. ಜನ ಹೆಚ್ಚಿದ್ದ ದಿನ ಅವುಗಳನ್ನೇ ನೆಚ್ಚಿಕೊಳ್ಳಬೇಡ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಹೂವಿನ ರಾಶಿಯ ಮಧ್ಯೆಯೂ ಒಂದು ಗಳಿಗೆ ತಲೆ ಎತ್ತಿ ಆ ಕಬ್ಬಿಣದ ಕಮಾನುಗಳನ್ನು ಅಮ್ಮನಿಗೆ ತೋರಿಸು.

ಅಲ್ಲಿಂದ ವೆಸ್ಟ್ ಗೇಟಿಗೇ ಮರಳಬೇಡಿ, ಉತ್ತರಕ್ಕೆ ಮೇನ್ ಗೇಟಿನ ಕಡೆ ನಡೆಯಿರಿ. ಕೆಂಪೇಗೌಡರ ಗೋಪುರ ಇರುವ ಬಂಡೆ ಸಿಗುವುದು ಆ ಕಡೆಗೇ. ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ (gneiss) ಅನ್ನುವ ಜಾತಿಯ ಶಿಲೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದೂರದಿಂದ ಬರೀ ಬೋಳು ಬಂಡೆ. ಬಗ್ಗಿ ನೋಡಿದರೆ ಬಿಳುಪು, ಕಪ್ಪು ಪಟ್ಟಿಗಳು ಒಂದರ ಪಕ್ಕ ಒಂದು ಹರಿದು, ನಡುನಡುವೆ ಮಡಚಿಕೊಂಡು, ಹಿಟ್ಟು ನಾದುವಾಗ ಎಳೆ ಎಳೆಯಾಗಿ ತಿರುಚಿಕೊಂಡ ಹಾಗೆ ಕಾಣುತ್ತದೆ. ಅಂಗೈ ಇಟ್ಟರೆ ಬೆಳಗಿನ ಬಿಸಿಲಿಗೆ ಆಗಲೇ ಬೆಚ್ಚಗಾಗಿರುತ್ತದೆ. ಇಳಿಜಾರಿನಲ್ಲಿ ನುಣುಪು ಚಪ್ಪಲಿ ಜಾರುತ್ತದೆ. ಅಮ್ಮ ರಬ್ಬರ್ ಅಟ್ಟೆಯದನ್ನು ಹಾಕಿಕೊಂಡು ಬರಲಿ, ಮೇಲೆ ಹತ್ತಲು ಆಗದಿದ್ದರೆ ಬುಡದಲ್ಲೇ ಕೂತರೂ ಪಟ್ಟಿಗಳು ಕಾಣುತ್ತವೆ.

ಮೇನ್ ಗೇಟಿನಿಂದ ಹೊರಬಂದರೆ ಲಾಲ್‌ಬಾಗ್ ರಸ್ತೆಯಲ್ಲಿ ಹತ್ತು ನಿಮಿಷದ ದೂರಕ್ಕೆ ಎಂ.ಟಿ.ಆರ್. ಹೋಟೆಲು. ಸೋಮವಾರ ಅದು ರಜೆ, ಮಂಗಳವಾರ ಅನ್ನುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಮೆಟ್ರೊ ಹತ್ತಿರವಿಲ್ಲ. ಊಟ ಮುಗಿಸಿ ಆಟೊದಲ್ಲಿ ಮೆಜೆಸ್ಟಿಕ್ ಸೇರಿ, ಅಲ್ಲಿಂದ ಯಶವಂತಪುರಕ್ಕೆ ಮೆಟ್ರೊ ಹಿಡಿಯಿರಿ. ಸಾಮಾನು ಅಲ್ಲಿ ಕಾಯುತ್ತಿರುತ್ತದಲ್ಲ.

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಲಾಲ್‌ಬಾಗ್ ನಿಲ್ದಾಣದ ಕೆಳಗೆ, ತೋಟದ ಕಡೆಯ ಲಿಫ್ಟ್ ಬಾಗಿಲಲ್ಲಿ ನಿಂತಿರುತ್ತೇನೆ. ರೈಲು ತಡವಾದರೆ ಯಶವಂತಪುರದಲ್ಲೇ ಒಂದು ಮೆಸೇಜ್ ಹಾಕು.

ನಿನ್ನ
ಗೆಳೆಯ